ಇವಿ ಪ್ರಶ್ನೋತ್ತರ: ಆ್ಯಪ್ ಶುಲ್ಕ ಕಟ್ಟದಿದ್ದರೆ ಕಾರು ನಿಲ್ಲುತ್ತದೆಯೇ?

ಪ್ರಶ್ನೆ: ನನ್ನ ಎಲೆಕ್ಟ್ರಿಕ್ ಕಾರಿನ ಆ್ಯಪ್‌ನ ಉಚಿತ ಅವಧಿ ಮುಂದಿನ ತಿಂಗಳು ಮುಗಿಯುತ್ತದೆ. ನವೀಕರಣಕ್ಕೆ ಹಣ ಕಟ್ಟಿ ಎಂದು ಮೆಸೇಜ್ ಬರುತ್ತಿದೆ. ಕಟ್ಟದಿದ್ದರೆ ಕಾರು ನಿಂತುಬಿಡುತ್ತದೆಯೇ?
– ಓದುಗರು, ಸಿಂಧನೂರು

ಉತ್ತರ: ನಿಲ್ಲುವುದಿಲ್ಲ. ಮೋಟಾರು, ಬ್ರೇಕು, ಏರ್‌ಬ್ಯಾಗು, ಬ್ಯಾಟರಿಯನ್ನು ಕಾಯುವ ಬಿಎಂಎಸ್ ಎಲ್ಲವೂ ಕಾರಿನೊಳಗಿನ ಕಂಪ್ಯೂಟರಿನಲ್ಲೇ ನಡೆಯುತ್ತವೆ. ಮನೆಯ ಪ್ಲಗ್ಗಿನಲ್ಲಿ ಚಾರ್ಜ್ ಮಾಡಲು ಇಂಟರ್‌ನೆಟ್ ಬೇಕಿಲ್ಲ. ಹೋಗುವುದು ಕಾರಿನ ಇ-ಸಿಮ್ (ಕಾರಿನೊಳಗೇ ಕೂರಿಸಿರುವ ಇಂಟರ್‌ನೆಟ್ ಸಿಮ್) ಮೂಲಕ ನಡೆಯುವ ಸೌಲಭ್ಯಗಳು: ಫೋನಿನಿಂದ ಎಸಿ ಹಾಕುವುದು, ಚಾರ್ಜ್ ಎಷ್ಟಿದೆ, ಕಾರು ಎಲ್ಲಿದೆ ಎಂದು ನೋಡುವುದು, ಪರದೆಯ ಲೈವ್ ಮ್ಯಾಪ್. ಮ್ಯಾಪಿಗೆ, ಫೋನಿನ ಮ್ಯಾಪನ್ನೇ ಕಾರಿನ ಪರದೆಯಲ್ಲಿ ತೋರಿಸುವ ಆಂಡ್ರಾಯ್ಡ್ ಆಟೋ ಇದ್ದರೆ ಸಾಕು.

ಆದರೆ ತುರ್ತು ಸಹಾಯಕ್ಕೆ ಕರೆ ಮಾಡುವ ಎಸ್‌ಒಎಸ್ ಗುಂಡಿಯೂ ಅದೇ ಸಿಮ್ ಮೇಲೆ ನಿಂತಿದ್ದರೆ ಅದೂ ಸುಮ್ಮನಾಗಬಹುದು. ಇದನ್ನು ಶೋರೂಮಿನವರಿಂದ ಇಮೇಲಿನಲ್ಲೇ ಬರೆಸಿಕೊಳ್ಳಿ. ಸುರಕ್ಷತೆಗೆ ಸಂಬಂಧಿಸಿದ ಅಪ್‌ಡೇಟ್‌ಗಳನ್ನು ಸರ್ವೀಸ್ ಸೆಂಟರಿನಲ್ಲಿ ಉಚಿತವಾಗಿ ಹಾಕಿಕೊಡುತ್ತಾರೆಯೇ ಎಂಬುದನ್ನೂ ಕೇಳಿ. ಚಾರ್ಜಿಂಗ್ ಟೈಮರನ್ನು ಆ್ಯಪಿನಲ್ಲಿ ಇಟ್ಟಿದ್ದರೆ ಅವಧಿ ಮುಗಿಯುವ ಮುನ್ನವೇ ತೆಗೆದು, ಕಾರಿನ ಪರದೆಯಲ್ಲಿ ಇಟ್ಟುಕೊಳ್ಳಿ. ಫೋನನ್ನೇ ಕೀಲಿಯಾಗಿ ಬಳಸುವವರು ನಿಜವಾದ ಕೀಲಿಯನ್ನೂ ಜೇಬಿನಲ್ಲಿಡಿ.

ಎಸ್‌ಒಎಸ್ ಬಿಟ್ಟರೆ ಹಣ ಕೊಡಲು ಒಂದೇ ಒಂದು ಒಳ್ಳೆಯ ಕಾರಣವಿದೆ. ರಾಯಚೂರು ಸೀಮೆಯ ಏಪ್ರಿಲ್-ಮೇ ಬಿಸಿಲಲ್ಲಿ ಪ್ಲಗ್ ಹಾಕಿದ್ದಾಗಲೇ ಫೋನಿನಿಂದ ಹತ್ತು ನಿಮಿಷ ಎಸಿ ಓಡಿಸಿದರೆ, ಕಾದ ಕಾರನ್ನು ತಂಪು ಮಾಡುವ ಕರೆಂಟಿನ ಬಹುಪಾಲು ಜೆಸ್ಕಾಂ ಮೀಟರಿನಿಂದ ಹೋಗುತ್ತದೆ, ಬ್ಯಾಟರಿ ಉಳಿಯುತ್ತದೆ. ನೆರಳಿನ ಶೆಡ್ಡಿದ್ದರೆ ಇದೂ ಬೇಡ.

ಪ್ರಶ್ನೆ: ಬ್ಯಾಟರಿ ಬಾಡಿಗೆಯ ಯೋಜನೆಯಲ್ಲಿ ಕಾರು ಅಗ್ಗಕ್ಕೆ ಸಿಗುತ್ತಿದೆ. ಒಪ್ಪಬಹುದೇ?
– ಓದುಗರು, ಗಂಗಾವತಿ

ಉತ್ತರ: ಆ್ಯಪ್ ಶುಲ್ಕಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಇದನ್ನೇ. ಎಂಜಿ ಕಂಪನಿಯ ವಿಂಡ್ಸರ್ ಎಂಬ ಇವಿ 2024ರಲ್ಲಿ ಬಂದಾಗ ಬ್ಯಾಟರಿ ಸಮೇತ 13.50 ಲಕ್ಷ, ಬಾಡಿಗೆ ಬ್ಯಾಟರಿಯಾದರೆ 9.99 ಲಕ್ಷ, ಮೇಲೆ ಕಿ.ಮೀ.ಗೆ 3.5 ರೂಪಾಯಿ ಎಂದಿತ್ತು. ವ್ಯತ್ಯಾಸ 3.51 ಲಕ್ಷ, ಅದನ್ನು 3.5ರಿಂದ ಭಾಗಿಸಿದರೆ ಸುಮಾರು ಒಂದು ಲಕ್ಷ ಕಿ.ಮೀ. ತಿಂಗಳಿಗೆ 1,500 ಕಿ.ಮೀ. ಓಡಿಸಿದರೆ ಬಾಡಿಗೆ 5,250 ರೂಪಾಯಿ, ಬಡ್ಡಿ ಬಿಟ್ಟು ನೋಡಿದರೆ ಐದೂವರೆ ವರ್ಷದಲ್ಲಿ ಲೆಕ್ಕ ಸಮ. ಆಮೇಲೂ ಕಿ.ಮೀ. ಬಾಡಿಗೆ ಓಡುತ್ತಲೇ ಇದ್ದರೆ ನಿಮಗೇ ನಷ್ಟ. ಚಾರ್ಜಿಂಗ್ ಖರ್ಚು ಇದರಲ್ಲಿ ಸೇರಿಲ್ಲ.

ಸಹಿ ಹಾಕುವ ಮುಂಚೆ ಕರಾರಿನಲ್ಲಿ ತಿಂಗಳ ಕನಿಷ್ಠ ಕಿ.ಮೀ. ಎಷ್ಟು ಎಂದು ಹುಡುಕಿ. ಕಾರು ಮನೆಯಲ್ಲೇ ನಿಂತಿದ್ದರೂ ಅಷ್ಟಕ್ಕೆ ಹಣ ಕಟ್ಟಬೇಕಾಗಬಹುದು. ಊರೊಳಗೆ, ಹೆಚ್ಚೆಂದರೆ ಕೊಪ್ಪಳದವರೆಗೆ ಓಡಿಸುವವರಿಗೆ ಇದು ಹೊರೆ. ಕಂತು ತಪ್ಪಿದರೆ ಏನು, ಕಾರು ಮಾರುವಾಗ ಕರಾರು ಯಾರ ಹೆಸರಿಗೆ ಹೋಗುತ್ತದೆ ಎಂಬುದನ್ನೂ ಓದಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಇವಿ ಕೊಳ್ಳುತ್ತಿದ್ದೇನೆ. ಆ್ಯಪ್ ವಿಷಯದಲ್ಲಿ ಏನು ನೋಡಬೇಕು?
– ಓದುಗರು, ಸಿರುಗುಪ್ಪ

ಉತ್ತರ: ಪೂರ್ತಿ ಹಣ ಕೊಡುವ ಮೊದಲು, ಮಾರುವವರು ನಿಮ್ಮೆದುರೇ ತಮ್ಮ ಆ್ಯಪಿನಿಂದ ಕಾರನ್ನು ತೆಗೆಯಲಿ. ಪರದೆಯಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿದರಷ್ಟೇ ಸಾಲದು. ಸರ್ವರಿನಲ್ಲಿ ಅವರ ಖಾತೆ ಉಳಿದಿದ್ದರೆ ಕಾರು ಎಲ್ಲಿದೆ ಎಂದು ಅವರಿಗೆ ಕಾಣುತ್ತಲೇ ಇರುತ್ತದೆ. ಆರ್‌ಸಿ ನಿಮ್ಮ ಹೆಸರಿಗೆ ಬಂದ ಮೇಲೆ ಶೋರೂಮಿನಲ್ಲಿ ಹೊಸ ಖಾತೆಗೆ ಜೋಡಿಸಿಕೊಳ್ಳಿ. ಬ್ಯಾಟರಿ ವಾರಂಟಿಯ ಪುಸ್ತಕವನ್ನೂ ತೆರೆದು ನೋಡಿ: ಕೆಲವು ಕಂಪನಿಗಳಲ್ಲಿ ಮೊದಲ ಮಾಲೀಕರಿಗಿರುವಷ್ಟು ಅವಧಿ ಎರಡನೆಯವರಿಗೆ ಸಿಗುವುದಿಲ್ಲ.