ಲಾರಿ ಲೈಸೆನ್ಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 21 ವರ್ಷ. ಕಾರಿನ ಲೈಸೆನ್ಸ್ ಸಿಕ್ಕಿ ಎಂಟು ತಿಂಗಳಾಗಿದೆ. ಲಾರಿ ಲೈಸೆನ್ಸ್‌ಗೆ ಈಗಲೇ ಅರ್ಜಿ ಹಾಕಬಹುದೇ?
– ಓದುಗರು, ಮಾಲೂರು

ಉತ್ತರ: ವಯಸ್ಸಿನ ತೊಂದರೆಯಿಲ್ಲ, 20 ತುಂಬಿದ್ದರೆ ಸಾಕು. ಆದರೆ ಕಾರಿನ ಲೈಸೆನ್ಸ್‌ಗೆ ಒಂದು ವರ್ಷ ತುಂಬದೆ ಲಾರಿಯ ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಸಿಗುವುದಿಲ್ಲ. ಇನ್ನು ನಾಲ್ಕು ತಿಂಗಳು ಕಾಯಿರಿ. ಎಲ್‌ಎಲ್‌ಆರ್‌ಗೆ ವೈದ್ಯರು ಸಹಿ ಮಾಡಿದ ನಮೂನೆ 1ಎ (ವೈದ್ಯಕೀಯ ಪ್ರಮಾಣಪತ್ರ) ಬೇಕು. ಎಲ್‌ಎಲ್‌ಆರ್ ಬಂದು 30 ದಿನ ಕಳೆದ ಮೇಲೆ, ಆರು ತಿಂಗಳ ಅವಧಿ ಮುಗಿಯುವುದರೊಳಗೆ, ಡ್ರೈವಿಂಗ್ ಸ್ಕೂಲು ಕೊಡುವ ತರಬೇತಿ ಪ್ರಮಾಣಪತ್ರವಾದ ನಮೂನೆ 5ರ ಜೊತೆ ಪರೀಕ್ಷೆಗೆ ಹೋಗಬೇಕು. ಒಟ್ಟು ತೂಕ 7,500 ಕೆ.ಜಿ. ಮೀರದ ಸಣ್ಣ ಗೂಡ್ಸ್ ಗಾಡಿ ಓಡಿಸುವುದಷ್ಟೇ ನಿಮ್ಮ ಉದ್ದೇಶವಾದರೆ ಈಗಿರುವ ಲೈಸೆನ್ಸೇ ಸಾಕೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಪ್ರಶ್ನೆ: ಕೋಲಾರದಿಂದ ಟೊಮೆಟೊ ತುಂಬಿಕೊಂಡು ಚಿತ್ತೂರಿನ ಕಡೆ ಹೋಗುವಾಗ ಮೊಗಿಲಿ ಘಾಟಿಯಲ್ಲಿ ಕೆಲವರು ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಇಳಿಸುತ್ತಾರೆ. ಏರ್ ಬ್ರೇಕ್ ಇರುವಾಗ ಅಪಾಯವೇನು?
– ಓದುಗರು, ಮುಳಬಾಗಿಲು

ಉತ್ತರ: ದಯವಿಟ್ಟು ಅವರಿಂದ ಇದೊಂದನ್ನು ಮಾತ್ರ ಕಲಿಯಬೇಡಿ. ಡೀಸೆಲ್ ಉಳಿಯುವುದೂ ಇಲ್ಲ: ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಳಿಜಾರಿನಲ್ಲಿ ಚಕ್ರಗಳೇ ಎಂಜಿನ್ ತಿರುಗಿಸುತ್ತವೆ, ಪಂಪು ಡೀಸೆಲ್ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಿರಲು ಡೀಸೆಲ್ ಉರಿಯಲೇಬೇಕು. ಜೊತೆಗೆ ಎಂಜಿನ್ನಿನ ಹಿಡಿತ ತಪ್ಪುತ್ತದೆ, ಹೊಗೆ ಹೋಗುವ ದಾರಿ ಕಟ್ಟಿ ಎಂಜಿನ್ನಿನಿಂದಲೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕೂ ಕೆಲಸಕ್ಕೆ ಬರುವುದಿಲ್ಲ. ಇಡೀ ಭಾರ ತಡೆಯುವ ಕೆಲಸ ಚಕ್ರದ ಜೊತೆ ತಿರುಗುವ ಬ್ರೇಕ್ ಡ್ರಮ್ಮು ಮತ್ತು ಅದನ್ನು ಒಳಗಿನಿಂದ ಉಜ್ಜಿ ಹಿಡಿಯುವ ಲೈನರ್ ಮೇಲೆ ಬೀಳುತ್ತದೆ. ಡ್ರಮ್ ಕಾದು ಹಿಗ್ಗುತ್ತದೆ, ಲೈನರ್ ಜಾರತೊಡಗುತ್ತದೆ. ಟ್ಯಾಂಕಿನಲ್ಲಿ ಗಾಳಿ ತುಂಬಿದ್ದರೂ ಆಗ ಬ್ರೇಕ್ ಹಿಡಿಯುವುದಿಲ್ಲ. ಗಾಬರಿಯಿಂದ ಪೆಡಲ್ ಪದೇ ಪದೇ ತುಳಿದರೆ ಇದ್ದ ಗಾಳಿಯೂ ಖಾಲಿ.

ಗೇರ್ ಇಳಿಸಬೇಕಾದದ್ದು ಇಳಿಜಾರು ಶುರುವಾಗುವ ಮೊದಲು. ವೇಗ ಏರಿದ ಮೇಲೆ ಕೆಳಗಿನ ಗೇರ್ ಬೀಳುವುದಿಲ್ಲ. ಹಾಕಲು ಹೋಗಿ ನ್ಯೂಟ್ರಲ್‌ನಲ್ಲೇ ಸಿಕ್ಕಿಬೀಳುವವರಿದ್ದಾರೆ. ಅದೇ ಏರನ್ನು ಹತ್ತಲು ಬೇಕಾಗುವ ಗೇರ್, ಇಲ್ಲವೇ ಅದಕ್ಕಿಂತ ಕೆಳಗಿನದು ಸರಿ. ಎಕ್ಸಾಸ್ಟ್ ಬ್ರೇಕ್ ಹಾಕಿ. ಆಗಲೂ ವೇಗ ಏರಿದರೆ, ಉದಾಹರಣೆಗೆ 40ಕ್ಕೆ ಬಂದಾಗ, ಗಟ್ಟಿಯಾಗಿ ತುಳಿದು 30ಕ್ಕೆ ಇಳಿಸಿ, ಕಾಲು ಪೂರ್ತಿ ತೆಗೆಯಿರಿ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡ್ರಮ್ಮಿಗೆ ಆರಲು ಪುರುಸೊತ್ತೇ ಸಿಗದು. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕೊಟ್ಟು ತಾನಾಗಿ ಆರಲು ಬಿಡಿ. ನೀರು ಸುರಿದರೆ ಡ್ರಮ್ ಸೀಳುತ್ತದೆ.

ಹೊರಡುವ ಮುಂಚಿನ ಪರೀಕ್ಷೆಗೆ ಐದು ನಿಮಿಷ ಸಾಕು. ಚಕ್ರಕ್ಕೆ ಅಡ್ಡ ಕೊಟ್ಟು, ಗೇಜಿನಲ್ಲಿ ಗಾಳಿ ಪೂರ್ತಿ ತುಂಬಿದ ಮೇಲೆ (ಸಾಮಾನ್ಯವಾಗಿ 7ರಿಂದ 8 ಬಾರ್) ಎಂಜಿನ್ ಆಫ್ ಮಾಡಿ, ಪೆಡಲ್ ಒಂದು ನಿಮಿಷ ಒತ್ತಿಹಿಡಿಯಿರಿ. ಒತ್ತಿದ ಕೂಡಲೇ ಮುಳ್ಳು ಸ್ವಲ್ಪ ಇಳಿಯುವುದು ಸಹಜ. ಅಲ್ಲಿಂದ ಮುಂದೆ ಕಾಲು ಬಾರ್‌ಗಿಂತ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ, ಸರಿಮಾಡಿಸದೆ ಹೊರಡಬೇಡಿ. ಏರ್ ಟ್ಯಾಂಕಿನಡಿಯ ವಾಲ್ವ್ ಎಳೆದು ನೀರು ಹೊರಬಿಡುವುದು ದಿನನಿತ್ಯದ ಕೆಲಸ. ನೀರು ನಿಂತಷ್ಟೂ ಗಾಳಿಗೆ ಜಾಗ ಕಡಿಮೆ.

ಪ್ರಶ್ನೆ: ರಾತ್ರಿ ಹೈವೇಯಲ್ಲಿ ಲಾರಿ ಕೆಟ್ಟು ನಿಂತರೆ ಮೊದಲು ಏನು ಮಾಡಬೇಕು?
– ಓದುಗರು, ಬಂಗಾರಪೇಟೆ

ಉತ್ತರ: ನಾಲ್ಕೂ ಇಂಡಿಕೇಟರ್ ಹಾಕಿ, ಸಾಧ್ಯವಾದಷ್ಟು ಎಡಕ್ಕೆ ಸರಿಸಿ. ಪ್ರತಿಫಲಿಸುವ ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಿ. ತಿರುವಿದ್ದರೆ ತಿರುವಿಗೂ ಮುಂಚೆ. ಸೊಪ್ಪಿನ ಕೊಂಬೆ, ಕಲ್ಲು ಇಡುವ ರೂಢಿ ಬೇಡ. ಅವು ಕತ್ತಲಲ್ಲಿ ಕಾಣುವುದಿಲ್ಲ, ಲಾರಿ ಹೊರಟ ಮೇಲೂ ರಸ್ತೆಯಲ್ಲೇ ಉಳಿದ ಕಲ್ಲು ಬೈಕಿನವರನ್ನು ಬೀಳಿಸುತ್ತದೆ. ಹಿಂಬದಿಯ ಕೆಂಪು, ಪಕ್ಕದ ಹಳದಿ ರಿಫ್ಲೆಕ್ಟರ್ ಟೇಪಿನ ಮೇಲಿನ ಕೆಸರನ್ನು ಪ್ರತಿ ಸಂಜೆ ಒರೆಸಿ.