ಬೆಕ್ಕನ್ನು ಊರಾಚೆ ಬಿಡಬೇಕೆ?

ಶ್ರೀನಿವಾಸಪುರ ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ಸೊಸೆಗೆ ಈಗ ಮೂರು ತಿಂಗಳು. ಟಾಕ್ಸೋಪ್ಲಾಸ್ಮಾ ಪರೀಕ್ಷೆಯಲ್ಲಿ ಐಜಿಜಿ ಪಾಸಿಟಿವ್, ಐಜಿಎಂ ನೆಗೆಟಿವ್. ಹುಟ್ಟುವ ಮಗುವಿಗೆ ಕಿವಿ ಕೇಳುವುದಿಲ್ಲ, ಬೆಕ್ಕನ್ನು ಊರಾಚೆ ಬಿಡಿ ಎನ್ನುತ್ತಾರೆ. ಏನು ಮಾಡಲಿ?’

ಬೆಕ್ಕು ಮನೆಯಲ್ಲೇ ಇರಲಿ. ಟಾಕ್ಸೋಪ್ಲಾಸ್ಮಾ ಎಂಬುದು ಬೆಕ್ಕಿನ ಮಲ, ಸರಿಯಾಗಿ ಬೇಯದ ಮಾಂಸದಿಂದ ತಗುಲುವ ಸೂಕ್ಷ್ಮ ಪರೋಪಜೀವಿ. ಐಜಿಎಂ, ಐಜಿಜಿ ಅದರ ವಿರುದ್ಧ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳು: ಐಜಿಎಂ ಮೊದಲು ಬರುತ್ತದೆ, ಐಜಿಜಿ ಬಹುಕಾಲ ಉಳಿಯುತ್ತದೆ. ಈ ವರದಿ ಹೇಳುವುದು ಹಳೆಯ ಸೋಂಕನ್ನು. ಬಸುರಿಗೆ ಮುಂಚೆ ತಗುಲಿದ್ದು ಮಗುವಿಗೆ ದಾಟುವುದು ತೀರಾ ಅಪರೂಪ. ಅಪಾಯವಿರುವುದು ಬಸುರಿಯಲ್ಲೇ ಮೊದಲ ಸಲ ತಗುಲಿದರೆ. ಐಜಿಎಂ ಪಾಸಿಟಿವ್ ಬಂದವರೂ ಕೂಡಲೇ ಎದೆಗುಂದಬಾರದು. ಅದು ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಸೋಂಕು ಯಾವಾಗಿನದು ಎಂದು ತಿಳಿಯಲು ಐಜಿಜಿ ಎಷ್ಟು ಬಿಗಿಯಾಗಿ ಅಂಟುತ್ತದೆಂದು ನೋಡುವ ‘ಅವಿಡಿಟಿ’ ಪರೀಕ್ಷೆ ಕೇಳಿ.

ಬೆಕ್ಕನ್ನು ಸವರಿದರೆ ಸಾಮಾನ್ಯವಾಗಿ ಇದು ಅಂಟುವುದಿಲ್ಲ. ಮೊದಲ ಸಲ ಸೋಂಕಾದ ಬೆಕ್ಕಿನ ಮಲದಲ್ಲಿ ಒಂದರಿಂದ ಮೂರು ವಾರ ಮೊಟ್ಟೆಯಂಥ ಕಣಗಳು ಬೀಳುತ್ತವೆ. ಅವು ಸೋಂಕು ತರುವಷ್ಟು ಬಲಿಯಲು 1ರಿಂದ 5 ದಿನ ಬೇಕು. ಆದ್ದರಿಂದ ಮಲವನ್ನು ದಿನವೂ ತೆಗೆಯಬೇಕು, ಆ ಕೆಲಸ ಬಸುರಿಯದಲ್ಲ. ಬ್ಲೀಚಿಂಗ್ ಪುಡಿಗೆ ಈ ಕಣ ಸಾಯುವುದಿಲ್ಲ, ಕುದಿಯುವ ನೀರಿಗೆ ಸಾಯುತ್ತದೆ. ತೇವದ ಮಣ್ಣಲ್ಲಿ ವರ್ಷಕ್ಕೂ ಮೀರಿ ಬದುಕುತ್ತದೆ. ನಮ್ಮ ಕಡೆ ಬೆಕ್ಕು ಕೆದಕುವುದೇ ಸೊಪ್ಪಿನ ಮಡಿ, ಮನೆ ಕಟ್ಟಲು ತಂದ ಮರಳ ರಾಶಿ. ಕೊತ್ತಂಬರಿ ಕಂತೆಯ ಬುಡದಲ್ಲಿ ಬೇರಿಗೆ ಮೆತ್ತಿದ ಹಸಿ ಮಣ್ಣು ನೋಡಿ: ಅದನ್ನು ಕತ್ತರಿಸಿ ಎಸೆದು, ಎಲೆಗಳನ್ನು ಹರಿಯುವ ನೀರಲ್ಲಿ ಬಿಡಿಬಿಡಿಯಾಗಿ ತೊಳೆಯಿರಿ. ಮಟನ್ ಮೂಳೆಯ ಹತ್ತಿರವೂ ಕೆಂಪು ಉಳಿಯದಂತೆ ಬೇಯಲಿ.

ಇನ್ನು ಕಿವಿಯ ಮಾತು. ಹೊಟ್ಟೆಯಲ್ಲೇ ಸೋಂಕಾದ ಮಗು ಹುಟ್ಟುವಾಗ ಬಹುಪಾಲು ಚೆನ್ನಾಗಿಯೇ ಕಾಣುತ್ತದೆ, ಎಡವುವುದು ಇಲ್ಲೇ. ಕಿವಿಗೆ ಸದ್ದು ಬಿಟ್ಟು ಒಳಗಿನಿಂದ ಮರಳುವ ಸದ್ದನ್ನು ಅಳೆಯುವ ಒಎಇ ಪರೀಕ್ಷೆ ಒಳಕಿವಿಯನ್ನಷ್ಟೇ ನೋಡುತ್ತದೆ, ನರದ ದಾರಿಯನ್ನಲ್ಲ. ಅದಕ್ಕೆ ಸದ್ದಿಗೆ ನರ, ಮಿದುಳು ಸ್ಪಂದಿಸುವುದನ್ನು ಅಳೆಯುವ ಬೆರಾ ಪರೀಕ್ಷೆ ಬೇಕು. ಹುಟ್ಟಿದಾಗ ಪಾಸಾದರೂ ಒಂಬತ್ತು ತಿಂಗಳೊಳಗೆ ಮತ್ತೆ ಪೂರ್ತಿ ಪರೀಕ್ಷೆ ಮಾಡಿಸಿ, ಶ್ರವಣ ತಡವಾಗಿಯೂ ಕುಂದಬಹುದು. ಬೆನ್ನ ಹಿಂದೆ ತಟ್ಟೆ ಬಡಿದು ‘ತಿರುಗಿತಲ್ಲ’ ಎಂದು ಸುಮ್ಮನಾಗಬೇಡಿ. ದೊಡ್ಡ ಸದ್ದು ಕೇಳಿದ ಮಗುವಿಗೆ ‘ಸ’, ‘ಶ’ ಕೇಳದೇ ಇರಬಹುದು.

ಸೋಂಕು ಖಚಿತವಾದ ಮಗುವಿಗೆ ಪೈರಿಮೆಥಮಿನ್, ಸಲ್ಫಡಯಾಜಿನ್, ಫೋಲಿನಿಕ್ ಆಸಿಡ್ ಔಷಧಿಗಳು ಸಾಮಾನ್ಯವಾಗಿ ಒಂದು ವರ್ಷ ನಡೆಯುತ್ತವೆ. ಇವುಗಳಿಂದ ಬಿಳಿ ರಕ್ತಕಣ ಕುಸಿಯಬಹುದಾದ್ದರಿಂದ ರಕ್ತಪರೀಕ್ಷೆ ತಪ್ಪಿಸಬಾರದು. ಹೆಸರು ಹತ್ತಿರವಿದೆಯೆಂದು ಫೋಲಿನಿಕ್ ಬದಲು ಫೋಲಿಕ್ ಆಸಿಡ್ ಕೊಟ್ಟರೆ ಆಗದು, ಅಂಗಡಿಯಲ್ಲೇ ಚೀಟಿ ಹಿಡಿದು ಅಕ್ಷರ ಅಕ್ಷರ ನೋಡಿಕೊಳ್ಳಿ. ಕಿವಿ ಪರೀಕ್ಷೆಗೆ ಮೊದಲು ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಹೆಚ್ಚಿನ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಹೋಗುವಾಗ ತಾಯಿಯ ಈ ವರದಿಯೂ ಕೈಯಲ್ಲಿರಲಿ.