ಗದ್ದಲವಿಲ್ಲದ ‘ನಾಯ್ಸಮ್’

ಪ್ರಶ್ನೆ: ಮಗಳಿಗೆ ಅನುವಾದಕ್ಕೆ ಕೊಟ್ಟ ಇಂಗ್ಲಿಷ್ ವಾಕ್ಯದಲ್ಲಿ ‘ನಾಯ್ಸಮ್ ಮಾರ್ಕೆಟ್’ ಅಂತ ಇತ್ತು. ‘ಗದ್ದಲದ ಮಾರುಕಟ್ಟೆ’ ಎಂದು ಬರೆದಳು. ಮೇಡಂ ಕೆಂಪು ಗೀಟು ಹಾಕಿದ್ದಾರೆ. ನಮ್ಮ ಮೀನು ಮಾರ್ಕೆಟ್ಟಿನಲ್ಲಿ ಗದ್ದಲ ಇಲ್ವಾ? ತಪ್ಪೇನು?
– ಕಾರವಾರದ ಓದುಗರೊಬ್ಬರು

ಉತ್ತರ: ಗದ್ದಲ ಇದೆ, ಒಪ್ಪಿದೆ. ಆದರೂ ಮೇಡಂ ಹೇಳಿದ್ದೇ ಸರಿ. ನಾಯ್ಸಮ್ ಅಂದರೆ ಗಬ್ಬುನಾತ ಹೊಡೆಯುವಂಥದ್ದು. ಮಗಳಿಗೆ ಮಾತ್ರ ಬೈಯಬೇಡಿ. ಶಿರಸಿಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಸೇರಿದ ಮೊದಲ ವರ್ಷ ನಾನೂ ಇದೇ ತಪ್ಪನ್ನು ಬೋರ್ಡಿನ ಮೇಲೆ, ಅದೂ ದಪ್ಪ ಅಕ್ಷರದಲ್ಲಿ ಬರೆದವನು.

ಈ ಪದದೊಳಗೆ ಕೂತಿರುವುದು ‘ನಾಯ್ಸ್’ ಅಲ್ಲ, ‘ಅನಾಯ್’. ಕಾಟ ಕೊಡು, ಕಿರಿಕಿರಿ ಮಾಡು ಅಂತ ಅರ್ಥ. ಹಿಂದಿನವರು ಅದರ ತಲೆ ಹಾರಿಸಿ ಬರೀ ‘ನಾಯ್’ ಅಂತಲೂ ಅನ್ನುತ್ತಿದ್ದರು. ಅದಕ್ಕೆ ಟ್ರಬಲ್‌ಸಮ್‌ನಲ್ಲಿರುವ ‘ಸಮ್’ ಎಂಬ ಬಾಲ ಅಂಟಿಕೊಂಡಿತು. ಮೊದಲಿದ್ದ ಅರ್ಥ ‘ಹಾನಿ ಮಾಡುವ’ ಎಂದಷ್ಟೇ. 1611ರ ಇಂಗ್ಲಿಷ್ ಬೈಬಲ್ಲಿನ 91ನೇ ಕೀರ್ತನೆಯಲ್ಲಿ ಮಾರಿಬೇನೆಗೆ ಈ ಪದ ಬಳಸಿದ್ದಾರೆ. ಅಲ್ಲಿ ಮೂಗಿನ ಮಾತೇ ಇಲ್ಲ. ಆದರೆ ಕೆಟ್ಟ ಗಾಳಿಯಿಂದಲೇ ರೋಗ ಬರುತ್ತದೆ ಎಂದು ಜನ ನಂಬಿದ್ದ ಕಾಲ ಅದು. ಮಲೇರಿಯಾ ಎಂಬ ಹೆಸರಿಗೂ ಇಟಲಿಯ ಮಾತಿನಲ್ಲಿ ಕೆಟ್ಟ ಗಾಳಿ ಅಂತಲೇ ಅರ್ಥ. ಹಾಗಾಗಿ ಹಾನಿಗೂ ನಾತಕ್ಕೂ ದೂರ ಜಾಸ್ತಿ ಇರಲಿಲ್ಲ.

ಇನ್ನೂ ಹಿಂದೆ ಹೋದರೆ ‘ಅನಾಯ್’ ಹುಟ್ಟಿದ್ದು ಲ್ಯಾಟಿನ್ನಿನ ‘ಇನ್ ಓಡಿಯೊ’ ಎಂಬ ಮಾತಿನಿಂದ. ಓಡಿಯಂ ಅಂದರೆ ದ್ವೇಷ. ವಾಸನೆಯ ‘ಓಡರ್’ ಇದರ ಅಣ್ಣನೋ ತಮ್ಮನೋ ಅನ್ನಿಸುತ್ತದೆ, ಅಲ್ವಾ? ಅಲ್ಲ, ಬೇರು ಬೇರೆ.

ನನಗೆ ನಗು ಬರುವುದು ‘ನಾಯ್ಸ್’ ಕಥೆ ಕೇಳಿದಾಗ. ಅದರ ಮೂಲ ಲ್ಯಾಟಿನ್ನಿನ ‘ನಾಸಿಯಾ’ ಎಂದು ಬಹಳಷ್ಟು ನಿಘಂಟುಗಳು ಹೇಳುತ್ತವೆ. ಅಂದರೆ ಹಡಗು ಹತ್ತಿದವರಿಗೆ ಬರುವ ಹೊಟ್ಟೆ ತೊಳಸು. ಅದರ ಹಿಂದಿರುವುದು ಗ್ರೀಕಿನ ‘ನೌಸ್’, ಹಡಗು. ನಿಮ್ಮೂರಿನ ನೌಕಾನೆಲೆಯ ‘ನೌಕೆ’ಗೂ ಅದಕ್ಕೂ ಬೇರು ಒಂದೇ. ನೋಡಿ, ಓಕರಿಕೆ ಬರಿಸುವ ಪದದಲ್ಲಿ ಓಕರಿಕೆ ಇಲ್ಲ, ಗದ್ದಲದ ಪದದಲ್ಲಿದೆ! ಕೂರ್ಮಗಡದ ಜಾತ್ರೆಗೆ ದೋಣಿಯಲ್ಲಿ ಹೋದಾಗ ನನಗೆ ಎರಡೂ ಒಟ್ಟಿಗೇ ಆಗಿತ್ತು. ಸುತ್ತ ಜನರ ಕೂಗಾಟ, ಒಳಗೆ ಹೊಟ್ಟೆಯ ತೊಳಸು. ದಡ ಕಂಡ ಮೇಲೇ ಜೀವ ಬಂದದ್ದು.

ಬಳಕೆಯ ಬಗ್ಗೆ ಒಂದು ಮಾತು. ನಾಯ್ಸಮ್ ಸ್ವಲ್ಪ ಪುಸ್ತಕದ ಪದ, ಬೈಗುಳದಷ್ಟು ಖಾರ. ಮಳೆಗಾಲದಲ್ಲಿ ಒಣಗದ ಬಟ್ಟೆಯ ಮುಗ್ಗಲು ವಾಸನೆಗೆ ಅದನ್ನು ಬಳಸಿದರೆ ಅತಿಯಾಯಿತು. ನಾನು ಮೀನು ತಿನ್ನುವವನಲ್ಲ, ಆದರೂ ಬೆಳಿಗ್ಗೆ ಬಂದ ತಾಜಾ ಬಂಗಡೆಗೆ ಆ ಪದ ಹಚ್ಚಲಾರೆ. ಮಳೆಗೆ ನೆನೆದು ಹುಳ ಬಿದ್ದ ಒಣಮೀನಿನ ಚೀಲಕ್ಕಾದರೆ ಸರಿ. ಮಗಳು ‘ಗಬ್ಬು ನಾರುವ ಮಾರುಕಟ್ಟೆ’ ಎಂದು ತಿದ್ದಿಕೊಳ್ಳಲಿ. ಅದನ್ನು ಮೀನು ಮಾರುವ ಅಕ್ಕಂದಿರ ಎದುರು ಮಾತ್ರ ಗಟ್ಟಿಯಾಗಿ ಓದುವುದು ಬೇಡ.